ಮೂರೂ ಅಲ್ಲ, ಹನ್ನೊಂದೂ ಅಲ್ಲ, ಒಂದು ಗಂಟೆ: ಲೈಸೆನ್ಸಿಂಗ್ ಸಮಿತಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಇಂಗ್ಲೆಂಡಿನ ನಮ್ಮ ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನ ಲೈಸೆನ್ಸಿಂಗ್ ಉಪಸಮಿತಿ ತಡರಾತ್ರಿಯ ಟೇಕ್‌ಅವೇ ಅಂಗಡಿಗಳ ಬಗ್ಗೆ ಕೊಡುವ ತೀರ್ಪುಗಳನ್ನು ನಾನು ಬಿಡದೆ ಓದುತ್ತೇನೆ. ಹೆಚ್ಚಿನವುಗಳ ಕಥೆ ಒಂದೇ. ಅಂಗಡಿಯವರು ಬೆಳಗಿನ ಜಾವ ಮೂರರವರೆಗೆ ತೆರೆದಿರಲು ಅನುಮತಿ ಕೇಳುತ್ತಾರೆ. ಅಕ್ಕಪಕ್ಕದ ಮನೆಯವರು ರಾತ್ರಿ ಹನ್ನೊಂದರ ಮೇಲೆ ಒಂದು ನಿಮಿಷವೂ ಕೂಡದು ಎನ್ನುತ್ತಾರೆ. ಮೂವರು ಕೌನ್ಸಿಲರ್‌ಗಳು ಒಳಗೆ ಹೋಗಿ ಮಾತಾಡಿಕೊಂಡು ಬಂದು ‘ರಾತ್ರಿ ಒಂದು ಗಂಟೆ’ ಎನ್ನುತ್ತಾರೆ. ಇಬ್ಬರಿಗೂ ಒಂದಿಷ್ಟು ಸಿಕ್ಕಿತು, ಇಬ್ಬರೂ ಒಂದಿಷ್ಟು ಬಿಟ್ಟುಕೊಟ್ಟರು, ಆಯಿತಲ್ಲ! ಆದರೆ ಒಂದೇ ಏಕೆ, ಹನ್ನೆರಡೂವರೆ ಏಕಲ್ಲ, ಎರಡು ಏಕಲ್ಲ ಎಂದು ತೀರ್ಪಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಈ ಚೌಕಾಸಿಯ ಬಗ್ಗೆಯೇ ಈ ಪತ್ರ.

ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯಲು ಕಾರಣವಿದೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವರ ಮನೆ ಇಂಥ ಅಂಗಡಿಗಳ ಮೇಲೋ ಹಿಂದೆಯೋ ಇದೆ. ಇನ್ನು ಕೆಲವರು ಇಂಥ ಅಂಗಡಿಗಳಿಂದಲೇ ಹೊಟ್ಟೆ ಹೊರೆಯುತ್ತಾರೆ. ಇಬ್ಬರಿಗೂ ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದು ತಲೆಯ ಮೇಲೆ ಬಂದಾಗಲೇ ಗೊತ್ತಾಗುವುದು.

2003ರ ಲೈಸೆನ್ಸಿಂಗ್ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೂರ್ತಿಯಾಗಿ ಜಾರಿಗೆ ಬಂದದ್ದು 2005ರ ನವೆಂಬರ್‌ನಲ್ಲಿ. ಅದರ ಪ್ರಕಾರ ರಾತ್ರಿ 11ರಿಂದ ಬೆಳಗಿನ 5ರ ನಡುವೆ ಜನರಿಗೆ ಬಿಸಿ ಆಹಾರವನ್ನೋ ಬಿಸಿ ಪಾನೀಯವನ್ನೋ ಮಾರಬೇಕಾದರೆ ಲೈಸೆನ್ಸ್ ಬೇಕು. ಬಿಸಿ ಎಂಬುದೇ ಇಲ್ಲಿ ಮುಖ್ಯ. ತಣ್ಣನೆಯ ಸ್ಯಾಂಡ್‌ವಿಚ್ಚನ್ನು ಬೆಳಗಾಗುವವರೆಗೆ ಮಾರಿದರೂ ಈ ಕಾಯ್ದೆ ಕೇಳುವುದಿಲ್ಲ. ಜೊತೆಗೆ ಒಂದು ಕಪ್ ಚಹಾ ಮಾರಿದರೆ ಕೇಳುತ್ತದೆ. ಅರ್ಜಿಯನ್ನು ತೂಗಿ ನೋಡಲು ನಿಮಗಿರುವ ಉದ್ದೇಶಗಳು ನಾಲ್ಕೇ: ಅಪರಾಧ ಮತ್ತು ಗಲಭೆಯ ತಡೆ, ಸಾರ್ವಜನಿಕ ಸುರಕ್ಷತೆ, ಸಾರ್ವಜನಿಕರಿಗಾಗುವ ಉಪದ್ರವದ ತಡೆ, ಮಕ್ಕಳ ರಕ್ಷಣೆ. ಊರಿಗೆ ಇನ್ನೊಂದು ಕಬಾಬ್ ಅಂಗಡಿ ಬೇಕೋ ಬೇಡವೋ ಎಂಬ ಪ್ರಶ್ನೆ ಆ ನಾಲ್ಕರಲ್ಲಿ ಇಲ್ಲ. ಮನೆಯ ಬೆಲೆ ಇಳಿಯುತ್ತದೆ ಎಂಬುದಿಲ್ಲ, ಎಣ್ಣೆಯಲ್ಲಿ ಕರಿದದ್ದು ಮೈಗೆ ಒಳ್ಳೆಯದಲ್ಲ ಎಂಬುದೂ ಇಲ್ಲ. ಹಾಗೆಯೇ ರಾತ್ರಿ ಪಾಳಿಯ ನರ್ಸುಗಳು ಎಲ್ಲಿ ಊಟ ಮಾಡಬೇಕು ಎಂಬ ಅಂಗಡಿಯವರ ವಾದಕ್ಕೂ ಅಲ್ಲಿ ಜಾಗವಿಲ್ಲ, ನನಗೆ ಆ ವಾದದ ಮೇಲೆ ಎಷ್ಟೇ ಮರುಕವಿದ್ದರೂ. ಬೀದಿಯೊಂದರಲ್ಲಿ ಇಂಥ ಅಂಗಡಿಗಳು ಕಿಕ್ಕಿರಿದು ತೊಂದರೆಯಾಗಿದ್ದರೆ ಕೌನ್ಸಿಲ್ ಸಾಕ್ಷ್ಯ ಕೂಡಿಹಾಕಿ, ಅವುಗಳ ಒಟ್ಟು ಪರಿಣಾಮದ ಅಧ್ಯಯನವನ್ನು ಪ್ರಕಟಿಸಬಹುದು, ಮೂರು ವರ್ಷದೊಳಗೆ ಅದನ್ನು ಮತ್ತೆ ಪರಿಶೀಲಿಸಬೇಕು. ನಮ್ಮ ಬೀದಿಗೆ ಅಂಥದ್ದೇನೂ ಇಲ್ಲ. ಆದರೂ ‘ಈಗಾಗಲೇ ಸಾಕಷ್ಟಿವೆ’ ಎಂಬ ಮಾತು ಪ್ರತಿ ವಿಚಾರಣೆಯಲ್ಲೂ ಕೇಳಿಬರುತ್ತದೆ, ಯಾರೂ ತಡೆಯುವುದಿಲ್ಲ.

ಈಗ ಗಂಟೆಯ ವಿಷಯಕ್ಕೆ ಬರುತ್ತೇನೆ. ನಿದ್ದೆ ಕೆಟ್ಟವರ ಕಷ್ಟವನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ಅಂಗಡಿ ಬೇಗ ಮುಚ್ಚಿದರೆ ಅದರ ಸದ್ದು ಬೇಗ ನಿಲ್ಲುತ್ತದೆ ಎಂಬುದೂ ನಿಜ. ಆದರೆ ಜನ ಎದ್ದು ಕೂರುವುದು ಯಾವುದರಿಂದ? ಆರ್ಡರ್‌ಗೆ ಕಾಯುತ್ತಾ ಕಿಟಕಿಯ ಕೆಳಗೆ ಎಂಜಿನ್ ಚಾಲೂ ಇಟ್ಟುಕೊಂಡು ನಿಲ್ಲುವ ಡೆಲಿವರಿ ಸ್ಕೂಟರ್‌ಗಳಿಂದ. ಕಾರಿನ ಬಾಗಿಲುಗಳಿಂದ. ಹಿಂಭಾಗದ ಗೋಡೆಗೆ ಬಿಗಿದಿರುವ, ರಬ್ಬರ್ ಸವೆದು ಗೋಡೆಯನ್ನೇ ನಡುಗಿಸುವ ಹೊಗೆ ಫ್ಯಾನಿನಿಂದ. ಅಂಗಡಿ ಮುಚ್ಚಿದ ಮೇಲೆ ಖಾಲಿ ಬಾಟಲಿಗಳನ್ನು ಡಬ್ಬಕ್ಕೆ ಸುರಿಯುವ ಶಬ್ದದಿಂದ. ಇದು ಮುಚ್ಚುವ ವೇಳೆಯ ಆಚೆಗೇ ನಡೆಯುವಂಥದ್ದು. ಇವುಗಳಲ್ಲಿ ಒಂದಕ್ಕೂ ‘ಒಂದು ಗಂಟೆ’ ಎಂಬುದು ಮದ್ದಲ್ಲ. ಹನ್ನೆರಡೂವರೆಗೆ ಬರುವ ಸ್ಕೂಟರ್ ಎರಡೂವರೆಗೆ ಬರುವ ಸ್ಕೂಟರ್‌ನಷ್ಟೇ ಗದ್ದಲ ಮಾಡುತ್ತದೆ. ಸವಾರರು ಹಿಂದಿನ ಕಾರ್ ಪಾರ್ಕಿನಲ್ಲಿ ನಿಲ್ಲಬೇಕು, ರಾತ್ರಿ ಹನ್ನೊಂದರ ಮೇಲೆ ಡಬ್ಬಕ್ಕೆ ಗಾಜು ಹಾಕಬಾರದು, ಫ್ಯಾನಿನ ದುರಸ್ತಿಯ ದಾಖಲೆ ಇಡಬೇಕು ಎಂಬ ಮೂರು ಷರತ್ತುಗಳು ಎರಡು ಗಂಟೆ ಕತ್ತರಿಸುವುದಕ್ಕಿಂತ ಹೆಚ್ಚು ನಿದ್ದೆ ಕೊಡುತ್ತವೆ.

ಅದರ ಬದಲು ನಿಮ್ಮ ತೀರ್ಪುಗಳಲ್ಲಿ ಕಾಣುವುದು ಎಲ್ಲರಿಗೂ ಒಂದೇ ಅಚ್ಚಿನ ಷರತ್ತುಗಳು. ಸಿಸಿಟಿವಿ ಚಿತ್ರವನ್ನು 31 ದಿನ ಇಡಬೇಕು, ‘ದಯವಿಟ್ಟು ಸದ್ದಿಲ್ಲದೆ ಹೊರಡಿ’ ಎಂಬ ಫಲಕ ಹಾಕಬೇಕು. ಆ ಫಲಕವನ್ನು ಓದಿ ದನಿ ತಗ್ಗಿಸಿದ ಕುಡುಕನನ್ನು ನಾನಂತೂ ಕಂಡಿಲ್ಲ. ಕಾಯ್ದೆಯ 182ನೇ ಸೆಕ್ಷನ್ನಿನಡಿ ಸರ್ಕಾರ ಹೊರಡಿಸಿರುವ ಮಾರ್ಗದರ್ಶಿ, ಷರತ್ತುಗಳು ಆಯಾ ಜಾಗಕ್ಕೆ ಹೊಂದಬೇಕು, ಸಿದ್ಧ ಮಾದರಿಯವಾಗಬಾರದು ಎಂದೇ ಹೇಳುತ್ತದೆ. ಅಂಗಡಿಯ ಆಸುಪಾಸಿನಾಚೆ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಅವರವರ ಹೊಣೆ ಎಂದೂ ಅದರಲ್ಲಿದೆ. ಮೂರು ಬೀದಿ ಆಚೆ ಬಿದ್ದ ಚಿಪ್ಸ್ ಪೊಟ್ಟಣಕ್ಕೆ ಅಂಗಡಿಯವನನ್ನು ಹಿಡಿಯಲಾಗುವುದಿಲ್ಲ; ಬಾಗಿಲ ಮುಂದೆ ಬಿದ್ದದ್ದಕ್ಕೆ ಖಂಡಿತ ಹಿಡಿಯಬಹುದು.

ಇನ್ನೂ ಒಂದಿದೆ. ಬೀದಿಯ ಎಲ್ಲ ಅಂಗಡಿಗಳಿಗೂ ಒಂದೇ ಗಂಟೆ ಕೊಟ್ಟರೆ ಎಲ್ಲರ ಗಿರಾಕಿಗಳೂ ಒಟ್ಟಿಗೆ ಹೊರಬೀಳುತ್ತಾರೆ. ಪಬ್ಬುಗಳಿಗೆಲ್ಲ ಒಂದೇ ಮುಚ್ಚುವ ವೇಳೆ ಇದ್ದ ಕಾಲದ ಈ ಪೀಡೆಯಿಂದ ತಪ್ಪಿಸಿಕೊಳ್ಳಬೇಕು ಎಂಬುದೂ 2003ರ ಕಾಯ್ದೆಯ ಹಿಂದಿನ ಆಲೋಚನೆಗಳಲ್ಲಿ ಒಂದಾಗಿತ್ತು. ನಿಮ್ಮ ‘ಒಂದು ಗಂಟೆ’ಗಳು ಅದನ್ನೇ ಹಿಂಬಾಗಿಲಿನಿಂದ ಕರೆತರುತ್ತಿವೆ.

ಸಾಕ್ಷ್ಯದ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಎಡವಟ್ಟಾಗುವುದೆಲ್ಲ ಇಲ್ಲೇ. 2008ರಲ್ಲಿ ಹೈಕೋರ್ಟು ಥ್ವೇಟ್ಸ್ ಪ್ರಕರಣದಲ್ಲಿ ವಿರಲ್ ಪ್ರದೇಶದ ಪಬ್ಬೊಂದರ ವೇಳೆಯನ್ನು ಮ್ಯಾಜಿಸ್ಟ್ರೇಟರು ಕತ್ತರಿಸಿದ್ದನ್ನು ರದ್ದು ಮಾಡಿತು. ಪಬ್ಬು ಹೆಚ್ಚುವರಿ ವೇಳೆಯಲ್ಲಿ ಅದಾಗಲೇ ನಡೆದಿತ್ತು, ಗಲಾಟೆಯ ಪುರಾವೆ ಇರಲಿಲ್ಲ. ಮುಂದೆ ಆದೀತು ಎಂಬ ಊಹೆ ಮಾತ್ರ ಇತ್ತು. ಅಂಗಡಿಯವರ ವಕೀಲರು ಈ ತೀರ್ಪನ್ನು ತೋರಿಸಿದಾಗ ನಿವಾಸಿಗಳ ಮುಖ ಬಾಡುತ್ತದೆ. ಬಾಡಬೇಕಾಗಿಲ್ಲ. ಊಹೆ ಸಾಲದು ಎಂದರೆ ಪುರಾವೆ ಇದ್ದರೆ ಸಾಕು ಎಂದೇ ಅರ್ಥ. ಆದರೆ ಪುರಾವೆ ಹೇಗೆ ಇಡುವುದು ಎಂದು ನಿವಾಸಿಗಳಿಗೆ ಹೇಳಿಕೊಡುವವರು ಯಾರು? ‘ಬಹಳ ಗಲಾಟೆ, ನಿದ್ದೆಯಿಲ್ಲ’ ಎಂದು ಬರೆದ ಪತ್ರಕ್ಕೆ ತೂಕ ಕಡಿಮೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಸದ್ದು, ಎಷ್ಟು ಹೊತ್ತು ಎಂದು ಬರೆದಿಟ್ಟ ಡೈರಿಗೆ ತೂಕ ಹೆಚ್ಚು. ಸದ್ದಿನ ದೂರುಗಳನ್ನು ನೋಡಿಕೊಳ್ಳುವ ಪರಿಸರ ಆರೋಗ್ಯ ವಿಭಾಗಕ್ಕೆ ಕೊಟ್ಟ ದೂರಿನ ಸಂಖ್ಯೆ ಜೊತೆಗಿದ್ದರೆ ಇನ್ನೂ ಹೆಚ್ಚು. ಇಷ್ಟನ್ನು ಒಂದು ಪುಟದಲ್ಲಿ ಅಚ್ಚುಹಾಕಿ ಕೊಡಲು ಕೌನ್ಸಿಲ್‌ಗೆ ಏನು ಕಷ್ಟವೋ ಕಾಣೆ.

ಬರೆಯಲು ಗೊತ್ತಿದ್ದರೂ ಬರೆಯದವರಿದ್ದಾರೆ. ಆಕ್ಷೇಪಣೆಯನ್ನು, ಬರೆದವರ ಹೆಸರು ಮತ್ತು ವಿಳಾಸದ ಸಮೇತ, ಅರ್ಜಿದಾರರಿಗೆ ಕೊಡುವುದು ರೂಢಿ. ಯಾರು ಏನೆಂದರು ಎಂದು ತಿಳಿಯುವುದು ಅಂಗಡಿಯವರ ಹಕ್ಕು, ಒಪ್ಪುತ್ತೇನೆ. ಆದರೆ ಅಂಗಡಿಯ ಮೇಲಿನ ಮನೆಯಲ್ಲೇ ಬಾಡಿಗೆಗಿರುವ, ಅಂಗಡಿಯ ಯಜಮಾನನೇ ಮನೆಯ ಮಾಲೀಕನೂ ಆಗಿರುವ ಕುಟುಂಬದ ಪಾಡು ಯೋಚಿಸಿ. ಬೆದರಿಕೆಯ ನಿಜವಾದ ಭಯವಿದ್ದಾಗ ವಿವರಗಳನ್ನು ಮರೆಮಾಡಬಹುದು, ಅಥವಾ ಪೊಲೀಸ್, ಪರಿಸರ ಆರೋಗ್ಯ ವಿಭಾಗದಂಥ ಅಧಿಕೃತ ಸಂಸ್ಥೆಯ ಮೂಲಕ ದನಿ ಎತ್ತಬಹುದು ಎಂದು ಮಾರ್ಗದರ್ಶಿಯಲ್ಲೇ ಇದೆ. ವಾರ್ಡಿನ ಕೌನ್ಸಿಲರ್ ಅವರ ಪರವಾಗಿ ಮಾತಾಡಬಹುದು. ಈ ಯಾವ ಸಂಗತಿಯೂ ನಿಮ್ಮ ಕೌನ್ಸಿಲ್ ಕೊಡುವ ನಮೂನೆಯಲ್ಲಿ ಇಲ್ಲ.

ಅರ್ಜಿ ಬಂದಿದೆ ಎಂದು ತಿಳಿಸುವ ನೋಟಿಸಿನ ಕಥೆಯೂ ಅಷ್ಟಕ್ಕಷ್ಟೆ. ತಿಳಿ ನೀಲಿ ಬಣ್ಣದ ಎ4 ಹಾಳೆ ಅಂಗಡಿಯ ಗಾಜಿನ ಮೇಲೆ 28 ದಿನ, ಸ್ಥಳೀಯ ಪತ್ರಿಕೆಯಲ್ಲಿ ಒಂದು ಸಲ. ಪಕ್ಕದ ಮನೆಗೊಂದು ಪತ್ರ ಹಾಕಲೇಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಹಾಕಬಾರದು ಎಂದೂ ಹೇಳುವುದಿಲ್ಲವಲ್ಲ! ಆ ಅವಧಿಯಲ್ಲಿ ಯಾರೂ ಆಕ್ಷೇಪಣೆ ಬರೆಯದಿದ್ದರೆ ಲೈಸೆನ್ಸ್ ಕೊಡಲೇಬೇಕು, ವಿಚಾರಣೆಯೇ ಇಲ್ಲ. ಹಾಗಾಗಿ ಆ ನೀಲಿ ಹಾಳೆ ಕಣ್ಣಿಗೆ ಬೀಳುವುದೋ ಇಲ್ಲವೋ ಎಂಬುದರ ಮೇಲೆ ಒಂದು ಬೀದಿಯ ರಾತ್ರಿಗಳು ನಿಂತಿರುತ್ತವೆ.

ಒಮ್ಮೆ ಕೊಟ್ಟ ಲೈಸೆನ್ಸಿಗೆ ಸಾಮಾನ್ಯವಾಗಿ ಕೊನೆಯ ದಿನಾಂಕವಿಲ್ಲ. ಕರ್ನಾಟಕದಲ್ಲಿ ಉದ್ದಿಮೆ ಪರವಾನಗಿಯ ನವೀಕರಣಕ್ಕೆ ಓಡಾಡಿ ಬೇಸತ್ತವರು ಇದನ್ನು ಕೇಳಿ ಹೊಟ್ಟೆಕಿಚ್ಚು ಪಡಬಹುದು. ಇಲ್ಲಿ ವಾರ್ಷಿಕ ಶುಲ್ಕ ಕಟ್ಟುತ್ತಿದ್ದರೆ ಸಾಕು. ಅತಿ ಸಣ್ಣ ವರ್ಗದ ಅಂಗಡಿಗೆ ಅದು 70 ಪೌಂಡ್, ಅದರ ಮೇಲಿನ ವರ್ಗಕ್ಕೆ 180. ಕಾಯ್ದೆ ಜಾರಿಗೆ ಬಂದ 2005ರಿಂದ ಈ ದರ ಬದಲಾಗಿಲ್ಲ. ಈ ದುಡ್ಡಿನಲ್ಲಿ ರಾತ್ರಿ ಎರಡಕ್ಕೆ ಒಬ್ಬ ಅಧಿಕಾರಿಯನ್ನು ಬೀದಿಗೆ ಕಳಿಸಲಾಗುವುದಿಲ್ಲ ಎಂಬುದು ನನಗೆ ಗೊತ್ತು, ಅದು ಲಂಡನ್ನಿನಲ್ಲಿ ಕೂತವರ ತಪ್ಪು, ನಿಮ್ಮದಲ್ಲ. ಆದರೆ ಲೈಸೆನ್ಸ್ ಮರುಪರಿಶೀಲಿಸಿ ಎಂದು ಯಾರು ಬೇಕಾದರೂ, ಯಾವಾಗ ಬೇಕಾದರೂ, ಶುಲ್ಕವಿಲ್ಲದೆ ಕೇಳಬಹುದು ಎಂದು ತೀರ್ಪಿನ ಕೊನೆಗೆ ದಪ್ಪಕ್ಷರದಲ್ಲಿ ಬರೆಯಲು ದುಡ್ಡು ಬೇಕಿಲ್ಲ. ಅಂಗಡಿಯವರಿಗೂ ಅದರಿಂದ ಅನುಕೂಲವೇ. ತಪ್ಪಿದರೆ ಪ್ರಶ್ನಿಸುವ ದಾರಿ ಇದೆ ಎಂದು ಗೊತ್ತಿರುವ ನೆರೆಯವರು ಮೊದಲ ದಿನವೇ ಹನ್ನೊಂದಕ್ಕೆ ಜೋತುಬೀಳುವುದಿಲ್ಲ.

ಅಂಗಡಿಯವರಿಗೆ ಇನ್ನೊಂದು ಗೊಂದಲವೂ ಇದೆ: ಕಟ್ಟಡದ ಬಳಕೆಗೆ ಅನುಮತಿ ಕೊಡುವ ಯೋಜನಾ ವಿಭಾಗ ಹನ್ನೊಂದು ಎಂದಿದ್ದು ನೀವು ಒಂದು ಎಂದರೆ, ಪಾಲಿಸಬೇಕಾದದ್ದು ಹನ್ನೊಂದನ್ನು. ಇದನ್ನು ವಿಚಾರಣೆಯ ಆರಂಭದಲ್ಲೇ ಹೇಳಿಬಿಟ್ಟರೆ ಎಷ್ಟೋ ಜಗಳ ಅಲ್ಲೇ ಮುಗಿಯುತ್ತದೆ.

2011ರಲ್ಲಿ ಮೇಲ್ಮನವಿ ನ್ಯಾಯಾಲಯ ಹೋಪ್ ಅಂಡ್ ಗ್ಲೋರಿ ಪ್ರಕರಣದಲ್ಲಿ, ಲೈಸೆನ್ಸಿಂಗ್ ಸಮಿತಿ ಕೊಡುವ ಕಾರಣಗಳು ಎಷ್ಟು ತುಂಬಿ, ಎಷ್ಟು ಸ್ಪಷ್ಟವಾಗಿರುತ್ತವೋ ಮೇಲ್ಮನವಿಯಲ್ಲಿ ಅವುಗಳಿಗೆ ಅಷ್ಟು ಬಲ ಎಂದಿತು. ತೀರ್ಪು ಒಪ್ಪದವರಿಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಲು 21 ದಿನ ಇದೆ. ಅಲ್ಲಿ ‘ಎರಡೂ ಕಡೆಯ ಮಾತು ಕೇಳಿ ಸೂಕ್ತವೆನಿಸಿದ ನಿರ್ಧಾರ ಕೈಗೊಳ್ಳಲಾಯಿತು’ ಎಂಬ ಒಂದು ಸಾಲನ್ನು ಹಿಡಿದು ನಿಮ್ಮ ವಕೀಲರು ಏನು ವಾದಿಸಿಯಾರು? ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ತೀರ್ಪನ್ನು ಅಂಗಡಿಯವನೂ ಪ್ರಶ್ನಿಸಬಹುದು, ಆಕ್ಷೇಪಣೆ ಸಲ್ಲಿಸಿದ್ದರೆ ನಾನೂ ಪ್ರಶ್ನಿಸಬಹುದು, ಕೋರ್ಟಿನ ಖರ್ಚು ಬೀಳುವುದು ನಾವೆಲ್ಲ ಕಟ್ಟುವ ಕೌನ್ಸಿಲ್ ತೆರಿಗೆಯ ಮೇಲೆ.

2017ರಲ್ಲಿ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನ ವಿಶೇಷ ಸಮಿತಿಯೊಂದು ಈ ಕಾಯ್ದೆಯನ್ನು ಪರಿಶೀಲಿಸಿ, ಲೈಸೆನ್ಸಿಂಗ್ ಸಮಿತಿಗಳನ್ನೇ ತೆಗೆದುಹಾಕಿ ಕೆಲಸವನ್ನು ಯೋಜನಾ ಸಮಿತಿಗಳಿಗೆ ಒಪ್ಪಿಸಿ ಎಂದು ಶಿಫಾರಸು ಮಾಡಿತ್ತು. ಸರ್ಕಾರ ಒಪ್ಪಲಿಲ್ಲ. ಒಪ್ಪದಿದ್ದುದೇ ಒಳ್ಳೆಯದಾಯಿತು ಎನ್ನುವವನು ನಾನು. ಊರಿನ ಬೀದಿ ಬಲ್ಲ ಮೂವರು ಒಂದು ಮೇಜಿನಲ್ಲಿ ಕೂತು ಕೇಳುವುದು ಸಣ್ಣ ಸಂಗತಿಯಲ್ಲ. ಆದರೆ ಆ ಮೂವರು ಕೇಳಿದ್ದಕ್ಕೂ ಬರೆದದ್ದಕ್ಕೂ ಸಂಬಂಧ ಕಾಣಬೇಕು.

ಲೈಸೆನ್ಸಿಂಗ್ ನೀತಿಯನ್ನು ಐದು ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಬರೆಯಬೇಕೆಂದು ಕಾಯ್ದೆಯಿದೆ. ಮುಂದಿನ ಕರಡಿನಲ್ಲಿ ಟೇಕ್‌ಅವೇಗಳಿಗೆಂದೇ ಒಂದು ಭಾಗವಿರಲಿ. ಅರ್ಜಿ ಬಂದೊಡನೆ ಸುತ್ತಲಿನ ಮನೆಗಳಿಗೆ ಪತ್ರ ಹೋಗುತ್ತದೆಯೇ, ಆಕ್ಷೇಪಣೆಯ ನಮೂನೆಯಲ್ಲಿ ವಿವರ ಮರೆಮಾಡುವ ದಾರಿಯನ್ನು ತಿಳಿಸುತ್ತೀರಾ, ಕೇಳಿದ ವೇಳೆಯನ್ನು ಕಡಿತ ಮಾಡಿದಾಗ ಯಾವ ಪುರಾವೆಯ ಮೇಲೆ ಎಂದು ತೀರ್ಪಿನಲ್ಲಿ ಬರೆಯುತ್ತೀರಾ: ಈ ಮೂರಕ್ಕೆ, ಕರಡು ಸಾರ್ವಜನಿಕರ ಮುಂದೆ ಬರುವ ಮೊದಲು, ಹೌದು ಅಥವಾ ಇಲ್ಲ ಎಂದು ಲಿಖಿತ ಉತ್ತರ ಕೊಡಬೇಕಾಗಿ ಕೋರುತ್ತೇನೆ. ‘ಇಲ್ಲ’ ಎಂದಾದರೆ ಕಾರಣವನ್ನೂ ಬರೆಯಿರಿ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ನಿವಾಸಿ