ಒಂಟೆಯ ಹಿಂಗಾಲಿಗೆ ಒಂದು ಪತ್ರ

ಮಾರಾಯ,

ನಮ್ಮ ಕ್ರಿಸ್ಮಸ್ ನಾಟಕದ ಒಂಟೆಯ ಮುಂಗಾಲು ಮಾಡುವ ನಮಸ್ಕಾರ. ನಾನು ಕ್ಷೇಮ, ಮೊಣಕಾಲೊಂದು ಬಿಟ್ಟು.

ಎಲ್ಲರಿಗೂ ಕಾಣುವ ಹಾಗೆ ಬರೆದದ್ದಕ್ಕೆ ಬೈಯಬೇಡ. ವಾಟ್ಸಾಪ್‌ನಲ್ಲಿ ಕಳಿಸಿದರೆ ನೀನು ಒಂದು ಹೆಬ್ಬೆರಳು ಒತ್ತಿ ಕೈತೊಳೆದುಕೊಳ್ಳುತ್ತಿ. ಇಲ್ಲಾದರೆ ನಾಲ್ಕು ಜನ ನೋಡುತ್ತಾರೆ ಎಂಬ ಮರ್ಯಾದೆಗಾದರೂ ಪೂರ್ತಿ ಓದುತ್ತಿ.

ವಿಷಯ ಎಂತ ಅಂದರೆ, ನಾನೀಗ ಸಂಡೇ ಸ್ಕೂಲ್ ಟೀಚರ್. ನಗಾಡಿ ಆಯ್ತಾ? ಮುಂದೆ ಓದು.

ನನ್ನ ಕ್ಲಾಸಿನಲ್ಲಿ ಎಂಟು ಮಕ್ಕಳು. ಹೋದ ಭಾನುವಾರದ ಪಾಠ ಒಳ್ಳೆಯ ನಡತೆ, ಒಳ್ಳೆಯ ಸಹವಾಸ. ಬಾಯಿಪಾಠದ ವಾಕ್ಯ ಅದೇ, ಮೊದಲನೆಯ ಕೊರಿಂಥ 15:33. ದುಸ್ಸಹವಾಸವು ಸದಾಚಾರವನ್ನು ಕೆಡಿಸುತ್ತದೆ. ನೀನು ಗೇಟು ತೆಗೆದ ಸದ್ದು ಕೇಳಿದರೆ ಸಾಕು, ನನ್ನ ಅಜ್ಜಿ ಶುರು ಮಾಡುತ್ತಿದ್ದರಲ್ಲ, ಅದು.

ಬರೀ ಬಾಯಿಪಾಠ ಬೇಡ ಅಂತ ಬುದ್ಧಿವಂತಿಕೆ ಮಾಡಿದೆ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಎಂಥವರ ಸಹವಾಸ ಮಾಡಬಾರದು ಬರೆಯಿರಿ ಎಂದೆ. ಸುಳ್ಳು ಹೇಳುವವರು, ಕಾಪಿ ಹೊಡೆಯುವವರು ಅಂತ ಬರೆದಾರು ಎಂದುಕೊಂಡಿದ್ದೆ. ಬಿಡಿಸಿ ನೋಡಿದರೆ ಐದು ಚೀಟಿಯಲ್ಲಿ ಒಬ್ಬನೇ ಹುಡುಗನ ಹೆಸರು. ಅವನು ಬೆಂಚಿನ ತುದಿಯಲ್ಲಿ ಕೂತು ಚಪ್ಪಲಿಯ ಬಾರು ಎಳೆಯುತ್ತಿದ್ದ. ಐದರಲ್ಲಿ ಒಂದು ಚೀಟಿ ಹಸಿರು ಶಾಯಿಯದು. ಕ್ಲಾಸಿನಲ್ಲಿ ಹಸಿರು ಪೆನ್ನು ಇದ್ದದ್ದು ಒಂದೇ, ನನ್ನದು. ಪೆನ್ನು ತಂದಿಲ್ಲ ಅಂಕಲ್ ಅಂದದ್ದಕ್ಕೆ ಅವನಿಗೆ ನಾನೇ ಕೊಟ್ಟಿದ್ದೆ.

ಚೀಟಿಗಳನ್ನು ಜೇಬಿಗೆ ತುರುಕಿ ಹಾಡು ಶುರು ಮಾಡಿಸಿದೆ. ಶ್ರುತಿ ಎಲ್ಲಿಗೋ ಹೋಯಿತು. ನಿನ್ನ ‘ಎಮ್ಮೆ ಸ್ವರ’ ನೆನಪಾಯಿತು.

ರಾತ್ರಿ ನಿದ್ದೆ ಬರದೆ ಆ ಅಧ್ಯಾಯವನ್ನು ಕೂತು ಓದಿದೆ. ಅದು ಮಕ್ಕಳ ಗೆಳೆತನದ ಬಗ್ಗೆ ಅಲ್ಲವೇ ಅಲ್ಲ ಮಾರಾಯ. ಸತ್ತವರು ಎದ್ದು ಬರುವುದಿಲ್ಲ ಎನ್ನುವವರ ಮಾತಿಗೆ ಮರುಳಾಗಬೇಡಿ ಎಂದು ಪೌಲ ಕೊರಿಂಥದ ಸಭೆಗೆ ಬರೆದದ್ದು. ಇನ್ನೊಂದು ತಮಾಷೆ, ಆ ಸಾಲು ಮೂಲದಲ್ಲಿ ಮೆನಾಂಡರ್ ಎಂಬ ಗ್ರೀಕ್ ನಾಟಕಕಾರನದು ಎನ್ನುತ್ತಾರೆ. ಅವನು ಹಾಸ್ಯ ನಾಟಕ ಬರೆಯುತ್ತಿದ್ದವ. ಟಾಕೀಸಿನ ಮೆಟ್ಟಿಲು ಹತ್ತಬೇಡಿ ಎಂದು ನಮಗೆ ಬೈದವರೆಲ್ಲ ಬೈದದ್ದು ನಾಟಕದ ಡೈಲಾಗ್‌ನಲ್ಲಿ!

ಸಹವಾಸದ ಕಥೆ ಯಾವಾಗಲೂ ಹೀಗೆಯೇ ಅನಿಸುತ್ತದೆ. ಸ್ವಿಟ್ಜರ್ಲೆಂಡಿನಿಂದ ಬಂದ ನಮ್ಮ ಬಾಸೆಲ್ ಮಿಶನಿನದ್ದೇ ನೋಡು. ಮೋಗ್ಲಿಂಗ್ ಪಾದ್ರಿ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದರು ಅಂತ ಎಲ್ಲರಿಗೂ ಗೊತ್ತು. ಮರುವರ್ಷ ಅವರ ಶಿಷ್ಯ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಸಾರಸ್ವತರ ಮನೆಯ ಹುಡುಗ. ಊರಿಡೀ ಗಲಾಟೆ. ಆ ಮನೆಯ ಜಗಲಿಯಲ್ಲಿ ಕೂತವರು ಎಂತ ಹೇಳಿರಬಹುದು? ಸಹವಾಸ ದೋಷ ಅಂತಲೇ ಅಲ್ವಾ? ಹುಡುಗ ಬಾಸೆಲ್‌ಗೆ ಹೋಗಿ ಓದಿ ತಾನೇ ಪಾದ್ರಿಯಾಗಿ ಬಂದರು. ನಮ್ಮ ಜಗಲಿಯಲ್ಲಿ ಅದಕ್ಕೆ ದೇವರ ಕೃಪೆ ಅನ್ನುತ್ತೇವೆ. ಯೇಸುವಿಗೇ ಸುಂಕದವರ ಗೆಳೆಯ ಎಂದು ಹೆಸರಿಟ್ಟಿದ್ದರು, ಹೊಗಳಲಿಕ್ಕೆ ಅಲ್ಲ.

ನೋಡಿದೆಯಾ, ಚರಿತ್ರೆ ಹೇಳುತ್ತಾ ಕೂತೆ. ಹೇಳಬೇಕಾದದ್ದು ಗಂಟಲಲ್ಲಿ ಸಿಕ್ಕಿಕೊಂಡಾಗ ನನಗೆ ಇಸವಿಗಳು ಚೆನ್ನಾಗಿ ನೆನಪಾಗುತ್ತವೆ.

ಆ ಡಿಸೆಂಬರ್ ನಿನಗೆ ನೆನಪಿರಬೇಕು. ಮನೆಮನೆಗೆ ಹೋಗಿ ಕ್ರಿಸ್ಮಸ್ ಕ್ಯಾರಲ್ ಹಾಡಿ ಮುಗಿಸಿ ಲೆಕ್ಕ ಮಾಡಿದಾಗ ರಸೀದಿಗೂ ದುಡ್ಡಿಗೂ 1,200 ರೂಪಾಯಿ ವ್ಯತ್ಯಾಸ. ಡಬ್ಬ ಹಿಡಿದವ ನೀನು. ಯಾರೂ ನಿನ್ನ ಹೆಸರು ಎತ್ತಲಿಲ್ಲ. ಹಿರಿಯರೊಬ್ಬರು ಮಾತ್ರ ನನ್ನ ಕಡೆ ತಿರುಗಿ, ‘ಯುವಕರು ಸಹವಾಸ ನೋಡಿ ಇಟ್ಟುಕೊಳ್ಳಬೇಕು’ ಅಂದರು. ನೀನು ಸಿಗರೇಟು ಸೇದುತ್ತಿದ್ದೆ, ಬಸ್‌ಸ್ಟ್ಯಾಂಡಿನ ಹುಡುಗರ ಜೊತೆ ತಿರುಗುತ್ತಿದ್ದೆ. ಅಷ್ಟು ಸಾಕಿತ್ತು. ನಾನು ನೆಲದ ಹೆಂಚು ಎಣಿಸುತ್ತಾ ನಿಂತೆ. ಜನವರಿಯಿಂದ ನೀನು ಬರುವುದು ಬಿಟ್ಟೆ.

ನಿನಗೆ ಗೊತ್ತಿರುವುದು ಅಷ್ಟು. ಗೊತ್ತಿಲ್ಲದ್ದು ಇದು. ಮಾರ್ಚ್‌ನಲ್ಲಿ ಕ್ಯಾರಲ್ ಹಾಡಿನ ಪುಸ್ತಕವನ್ನು ಕಪಾಟಿಗೆ ಇಡಲು ಹೋದಾಗ ಒಳಗಿಂದ 12 ನೂರರ ನೋಟು ಬಿದ್ದವು. ಕೊನೆಯ ಮನೆಯಲ್ಲಿ ಕೊಟ್ಟದ್ದನ್ನು ನಾನೇ ಪುಟದ ಮಧ್ಯೆ ಸಿಕ್ಕಿಸಿ ಮರೆತಿದ್ದೆ. ಮರೆತದ್ದು ದೊಡ್ಡದಲ್ಲ, ಯಾರಾದರೂ ಮರೆಯುತ್ತಾರೆ. ಆಮೇಲೆ ನಾನು ಮಾಡಿದ್ದು ಕೇಳು. ಒಂದು ಕವರಿಗೆ ಹಾಕಿ, ಮೇಲೆ ‘ಕೃತಜ್ಞತಾ ಕಾಣಿಕೆ’ ಎಂದು ಚಂದದ ಅಕ್ಷರದಲ್ಲಿ ಬರೆದು, ಶುಭ ಶುಕ್ರವಾರ ಕಾಣಿಕೆ ಚೀಲಕ್ಕೆ ಹಾಕಿದೆ. ಈಸ್ಟರ್ ದಿನ ಪ್ರಕಟಣೆಯಲ್ಲಿ ಓದಿದರು, ಹೆಸರು ಹೇಳಲಿಚ್ಛಿಸದ ಒಬ್ಬರಿಂದ 1,200. ನನ್ನ ಅಜ್ಜಿ ಪಕ್ಕದಲ್ಲಿ ಕೂತು ‘ಎಷ್ಟು ದೊಡ್ಡ ಮನಸ್ಸು ನೋಡು’ ಅಂದರು. ನಾನು ಹೌದು ಅಂದೆ.

ದೇವರ ದುಡ್ಡು ದೇವರಿಗೆ ಮುಟ್ಟಿತು ಅಂತ 16 ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ನಿನ್ನ ಮನೆಗೆ ಎಷ್ಟು ಸಲ ಬಂದಿದ್ದೇನೆ, ನಿನ್ನ ಮದುವೆಯಲ್ಲಿ ಕೋಟು ಹಾಕಿ ನಿಂತಿದ್ದೇನೆ, ಒಂದು ಸಲವೂ ಬಾಯಿ ಬಿಡಲಿಲ್ಲ. ನಮ್ಮಿಬ್ಬರಲ್ಲಿ ಯಾರು ಯಾರ ಸಹವಾಸದಿಂದ ಕೆಟ್ಟರು, ಅಜ್ಜಿ ಇದ್ದಿದ್ದರೆ ಕೇಳಬಹುದಿತ್ತು.

ಇಷ್ಟೆಲ್ಲ ಬರೆಯುವ ಅಂದಾಜು ಇರಲಿಲ್ಲ ಮಾರಾಯ. ಮೊಣಕಾಲಿನ ಕಥೆ ಹೇಳಿ ನಾಲ್ಕು ಲೈಕು ಗಿಟ್ಟಿಸುವ ಅಂತ ಕೂತದ್ದು. ಓದುತ್ತಿರುವ ನಮ್ಮ ಸಭೆಯವರು ಹಳೇ ರಸೀದಿ ಪುಸ್ತಕ ತೆಗೆಯಲು ಓಡಬೇಡಿ, ಲೆಕ್ಕ ಸರಿಯುಂಟು. ನೀನೂ ಬಡ್ಡಿ ಹಾಕಬೇಡ. ಹಾಕಿಯೇ ಹಾಕುತ್ತಿ ಅಂತಾದರೆ ಕೋರಿ ರೊಟ್ಟಿಯಲ್ಲಿ ತೀರಿಸುತ್ತೇನೆ, ಕಂತಿನಲ್ಲಿ.

ಆ ಹುಡುಗ ಪೆನ್ನು ವಾಪಸು ಕೊಡಲಿಲ್ಲ. ನಾನೂ ಕೇಳಲಿಲ್ಲ.

ಮತ್ತೆ, ಡಿಸೆಂಬರಿಗೆ ಒಂಟೆ ಬೇಕಂತೆ. ಬಟ್ಟೆಯನ್ನು ಇಲಿ ತಿಂದಿದೆ, ತಲೆ ಮಾತ್ರ ಉಂಟು. ಈ ಸಲ ಹಿಂದೆ ಬಗ್ಗಿ ನಡೆಯುವುದು ನಾನು, ಮುಂದೆ ನೀನು ನಿಲ್ಲು. ಒಂದೇ ಷರತ್ತು, ಹಿಂದಿನ ದಿನ ಕಡಲೆ ತಿನ್ನಬೇಡ.

ನಿನ್ನ,
ಮುಂಗಾಲು