ಇವತ್ತಿನ ಪಾಲು ಇವತ್ತಿಗೆ

ಪ್ರೀತಿಯ ಮಗಳೇ,

ಕರ್ತನ ಕೃಪೆಯೂ ಸಮಾಧಾನವೂ ನಿನ್ನ ಸಂಗಡ ಇರಲಿ.

ನಿನ್ನ ಪತ್ರ ಓದಿದೆ. ದಿನಾ ಬೆಳಿಗ್ಗೆ ಸತ್ಯವೇದದಿಂದ ಒಂದು ಸಣ್ಣ ಭಾಗ ಓದಿ ಧ್ಯಾನ ಮಾಡಬೇಕು ಅಂತ ಶುರು ಮಾಡಿದೆ. ಸ್ವಲ್ಪ ದಿನ ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ತಪ್ಪಿತು, ಮಾರನೇ ದಿನ ಎರಡನ್ನೂ ಸೇರಿಸಿ ಓದಿದೆ, ಮತ್ತೆ ತಪ್ಪಿತು. ಈಗ ಫೋನ್ ತೆಗೆದರೆ ಬಾಕಿ ಬಿದ್ದ ದಿನಗಳ ಸಾಲು ಕಂಡು ಹಾಗೇ ಮುಚ್ಚಿಬಿಡುತ್ತೀಯಂತೆ. ಕೊನೆಗೆ, "ದೊಡ್ಡಮ್ಮ, ನನ್ನ ಕೈಲಿ ಯಾವುದೂ ನಿಲ್ಲಲ್ಲ" ಅಂತ ಬರೆದಿದ್ದೀಯ. ಆ ಸಾಲು ಓದಿ ಮನಸ್ಸಿಗೆ ಕಷ್ಟವಾಯಿತು. ಅದಕ್ಕೇ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸದೆ ಕೂತು ಬರೆಯುತ್ತಿದ್ದೇನೆ.

ಮೊದಲು ಆ ಬಾಕಿಯನ್ನು ಬಿಟ್ಟುಬಿಡು. ಭಾನುವಾರ ಕೂತು ಎಲ್ಲವನ್ನೂ ಒಟ್ಟಿಗೆ ಓದಿ ಮುಗಿಸುತ್ತೇನೆ ಅಂದಿದ್ದೀಯಲ್ಲ, ಬೇಡ. ದೇವರು ನಿನ್ನ ಹತ್ತಿರ ಸಾಲ ವಸೂಲಿಗೆ ಬಂದಿಲ್ಲ ಮಗು.

ವಿಮೋಚನಕಾಂಡದ 16ನೇ ಅಧ್ಯಾಯ ನೆನಪಿದೆಯಾ? ಇಸ್ರಾಯೇಲ್ಯರು ಐಗುಪ್ತ ಬಿಟ್ಟು ಬಂದಿದ್ದಾರೆ, ಅರಣ್ಯದಲ್ಲಿ ಹಸಿದು ಗುಣುಗುಟ್ಟುತ್ತಿದ್ದಾರೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನೆಲದ ಮೇಲೆಲ್ಲ ಸಣ್ಣ ಸಣ್ಣ ಬಿಳಿ ಕಾಳು. ಅದೇ ಮನ್ನ. ತಲೆಗೆ ಒಂದು ಓಮೆರ್ (ಆಗಿನ ಒಂದು ಅಳತೆ) ಕೂಡಿಸಿಕೊಳ್ಳಿ, ನಾಳೆಗೆ ಇಟ್ಟುಕೊಳ್ಳಬೇಡಿ ಎಂದು ಅವರ ನಾಯಕ ಮೋಶೆ ಹೇಳಿದ. ಕೆಲವರು ಕೇಳಲಿಲ್ಲ, ಇಟ್ಟುಕೊಂಡರು. ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾತ ಹೊಡೆಯಿತು. ನಾವು ಇದನ್ನು ಹೇಳುವಾಗ ನಾಳೆಯ ಚಿಂತೆ ಮಾಡಬಾರದು ಅನ್ನುವುದಕ್ಕೆ ಹೇಳುತ್ತೇವೆ. ಸರಿಯೇ. ಆದರೆ ನಿನಗೆ ಬೇಕಾದದ್ದು ಇದರ ಇನ್ನೊಂದು ಮಗ್ಗುಲು. ನಿನ್ನೆ ಎದ್ದು ಹೋಗಿ ಕೂಡಿಸಿಕೊಳ್ಳದವನಿಗೆ ಇವತ್ತು ಏನಾಯಿತು? ಬಿಸಿಲು ಏರಿದ ಮೇಲೆ ನಿನ್ನೆಯ ಮನ್ನ ಕರಗಿಹೋಗಿತ್ತು. ಅದನ್ನು ಹುಡುಕಿಕೊಂಡು ಹೋಗುವ ಮಾತೇ ಇಲ್ಲ. ಇವತ್ತಿನದು ಮಾತ್ರ ಅವನ ಗುಡಾರದ ಹೊರಗೇ ಬಿದ್ದಿತ್ತು. ನಿನ್ನೆ ಬಾರದವನಿಗೆ ಇವತ್ತು ಅರ್ಧ ಪಾಲು ಎಂದು ಎಲ್ಲೂ ಬರೆದಿಲ್ಲ.

ಇನ್ನೊಂದು ನೋಡು. ಕಾನಾನಿನ ಗಡಿ ಮುಟ್ಟುವ ತನಕ, ಅಂದರೆ 40 ವರ್ಷ, ಅವರು ಮನ್ನ ತಿಂದರು. ಅಷ್ಟು ವರ್ಷಗಳ ಬೆಳಗುಗಳಲ್ಲಿ ಸತ್ಯವೇದ ಬಿಡಿಸಿ ಹೇಳುವುದು ಬೆರಳೆಣಿಕೆಯಷ್ಟನ್ನು ಮಾತ್ರ. ಉಳಿದ ಬೆಳಗುಗಳಲ್ಲಿ ಬರೆದಿಡುವಂಥದ್ದೇನೂ ನಡೆಯಲಿಲ್ಲ. ಎದ್ದರು, ಬಗ್ಗಿದರು, ಕೂಡಿಸಿಕೊಂಡರು, ತಿಂದರು. ಆ ಹೇಳದೆ ಉಳಿದ ಬೆಳಗುಗಳೇ ಅವರನ್ನು ಬದುಕಿಸಿದವು. ನೀನು ಓದಿದ ದಿನಗಳಲ್ಲಿ "ವಿಶೇಷ ಏನೂ ಅನ್ನಿಸಲಿಲ್ಲ" ಎಂದು ಬೇಜಾರು ಪಟ್ಟಿದ್ದೀಯಲ್ಲ, ಅಂಥ ದಿನಗಳನ್ನು ವ್ಯರ್ಥ ಅನ್ನಬೇಡ.

ದಿನಕ್ಕೊಂದೇ ವಚನ ಸಾಕಾಗುತ್ತದಾ ಅಂತಲೂ ಕೇಳಿದ್ದೀಯ. ಜರ್ಮನಿಯ ಸ್ಯಾಕ್ಸನಿಯಲ್ಲಿ ಹೆರ್ನ್‌ಹುಟ್ ಎಂಬ ಊರಿದೆ. ನಂಬಿಕೆಗಾಗಿ ಊರು ಬಿಟ್ಟು ಓಡಿಬಂದ ಮೊರೇವಿಯದ ಜನ ಅಲ್ಲಿ ನೆಲೆಸಿದ್ದರು. ಅವರಿಗೆ ಜಾಗ ಕೊಟ್ಟವರು ಜಿನ್ಸೆನ್‌ಡಾರ್ಫ್ ಎಂಬ ಜಮೀನುದಾರರು. 1728ರಲ್ಲಿ ಅವರು ಆ ಸಭೆಗೆ ದಿನಕ್ಕೊಂದು ಮಾತು ಕೊಡಲು ಶುರು ಮಾಡಿದರು. ಬೆಳಿಗ್ಗೆ ಒಬ್ಬರು ಮನೆಮನೆಗೂ ಹೋಗಿ ಆ ದಿನದ ಮಾತನ್ನು ಹೇಳಿ ಬರುತ್ತಿದ್ದರು. ಅಷ್ಟೇ. 1731ಕ್ಕೆ ಅದು ಅಚ್ಚಾಯಿತು. ಇವತ್ತಿಗೂ ವರ್ಷ ವರ್ಷ ಎಷ್ಟೋ ಭಾಷೆಗಳಲ್ಲಿ ಬರುತ್ತಿದೆ. ನೇಯುವವನು ನೇಯುತ್ತಾ, ಬಡಗಿ ಮರ ಕೊಯ್ಯುತ್ತಾ ದಿನವಿಡೀ ಒಂದೇ ಮಾತನ್ನು ಬಾಯಲ್ಲಿ ಇಟ್ಟುಕೊಂಡಿರುವುದನ್ನು ನೆನೆಸಿಕೋ. ಬೆಳಿಗ್ಗೆ ಐದು ಅಧ್ಯಾಯ ಓದಿ ಹತ್ತು ಗಂಟೆಗೆ ಮರೆಯುವುದಕ್ಕಿಂತ ಇದು ಮೇಲು ಅಂತ ನನ್ನ ಅಭಿಪ್ರಾಯ.

ಈಗ ನಿನ್ನ ಮುಖ್ಯ ದೂರಿಗೆ ಬರೋಣ. "ಓದಿದರೂ ನಾನು ಬದಲಾಗಿಲ್ಲ. ಜೊತೆಯಲ್ಲಿ ಕೆಲಸ ಮಾಡುವವಳ ಮೇಲೆ ಅದೇ ಸಿಟ್ಟು."

ಓದಿದ್ದು ದಿನದೊಳಗೆ ಇಳಿಯಬೇಕಾದರೆ ಅದಕ್ಕೆ ಒಂದು ಜಾಗ ಮಾಡಿಕೊಡಬೇಕು. ಯಾಕೋಬನ ಪತ್ರದ 1ನೇ ಅಧ್ಯಾಯ, 19ನೇ ವಚನ: ಕೇಳುವುದರಲ್ಲಿ ಚುರುಕಾಗಿರಬೇಕು, ಮಾತಾಡುವುದರಲ್ಲೂ ಸಿಟ್ಟು ಮಾಡುವುದರಲ್ಲೂ ನಿಧಾನ ಇರಬೇಕು. ಓದಿದೆ, ತಲೆದೂಗಿದೆ, ಪುಸ್ತಕ ಮುಚ್ಚಿದೆ. ಅಲ್ಲಿಗೆ ನಿಲ್ಲಿಸಬೇಡ. ಇವತ್ತು ಇದು ಎಲ್ಲಿ ಬೇಕಾಗುತ್ತದೆ ಅಂತ ಯೋಚಿಸು. ನಿನಗೇ ಗೊತ್ತಿರುತ್ತದೆ. ಹನ್ನೊಂದು ಗಂಟೆಗೆ ಮೀಟಿಂಗ್. ನೀನು ಮಾಡಿದ ಕೆಲಸವನ್ನು ಅವಳು ತನ್ನದು ಅನ್ನುವ ಹಾಗೆ ಹೇಳಲು ಶುರು ಮಾಡುತ್ತಾಳೆ. ನಿನ್ನ ಕಿವಿ ಬಿಸಿಯಾಗುತ್ತದೆ. ಆಗಿನ ಆ ಅರ್ಧ ನಿಮಿಷಕ್ಕೆ ಬೆಳಿಗ್ಗೆಯೇ ಒಂದು ತೀರ್ಮಾನ ಮಾಡಿಕೊಂಡು ಹೋಗು: "ಅವಳು ಮಾತು ಮುಗಿಸುವ ತನಕ ನಾನು ಬಾಯಿ ಹಾಕಲ್ಲ. ಆಮೇಲೆ ನನ್ನ ಭಾಗದ ಕೆಲಸ ಯಾವುದು ಅಂತ ಮೆಲ್ಲಗೆ ಹೇಳುತ್ತೇನೆ." ಇಷ್ಟೇ ಸಾಕು. "ಇವತ್ತು ನಾನು ತಾಳ್ಮೆಯಿಂದ ಇರುತ್ತೇನೆ" ಅಂತ ಸುಮ್ನೆ ಹೇಳಿಕೊಂಡರೆ ಹನ್ನೊಂದು ಗಂಟೆಗೆ ಅದು ಕೈಗೆ ಸಿಗುವುದಿಲ್ಲ. ಸಂಜೆ ಗ್ರೂಪಿನಲ್ಲಿ ಅವಳಿಗೆ ಚುಚ್ಚುವ ಹಾಗೆ ಒಂದು ಮೆಸೇಜ್ ಟೈಪ್ ಮಾಡಿರುತ್ತೀಯ, ಕಳಿಸುವ ಮೊದಲು ಬೆರಳು ತಡೆಯುತ್ತದೆ. ಅಳಿಸಿಬಿಡು. ಯಾರೂ ನೋಡಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಬೆಳಗಿನ ವಚನ ನಿನ್ನದಾಗುವುದು ಅಲ್ಲಿ.

ಕೀರ್ತನೆ 15ನ್ನೂ ಓದು, ಐದೇ ವಚನ. ದೇವರ ಗುಡಾರದಲ್ಲಿ ಇರತಕ್ಕವನು ಯಾರು ಎಂಬ ದೊಡ್ಡ ಪ್ರಶ್ನೆಗೆ ಅಲ್ಲಿರುವ ಉತ್ತರವೆಲ್ಲ ದಿನದ ಮಾತು. ಮನಸಾರೆ ನಿಜ ಹೇಳುವವನು, ಚಾಡಿ ಹೇಳದವನು, ಮಾತು ಕೊಟ್ಟ ಮೇಲೆ ತನಗೆ ನಷ್ಟವಾದರೂ ಹಿಂತೆಗೆಯದವನು. ತಡವಾಗಿ ಹೋಗಿ ದಾರಿಯಲ್ಲಿ ಗಾಡಿ ಸಿಕ್ಕಿಹಾಕಿಕೊಂಡಿತು ಅನ್ನುವ ಬದಲು "ಮನೆಯಿಂದ ತಡವಾಗಿ ಹೊರಟೆ" ಅನ್ನುವುದು ಎಷ್ಟು ಕಷ್ಟ ಅಂತ ಒಂದು ವಾರ ಪ್ರಯತ್ನ ಮಾಡಿ ನೋಡು. ಗುಣ ಅನ್ನುವುದು ಅಂಥ ಸಣ್ಣ ಜಾಗದಲ್ಲೇ ಬೆಳೆಯುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

"ನನ್ನ ಕೈಲಿ ಯಾವುದೂ ನಿಲ್ಲಲ್ಲ" ಅಂದೆಯಲ್ಲ, ಆ ಮಾತಿಗೆ ಮಾರ್ಕನ ಕಥೆ ಹೇಳಬೇಕು.

ಮಾರ್ಕ ಎನಿಸಿಕೊಂಡ ಯೋಹಾನ ಯೆರೂಸಲೇಮಿನ ಹುಡುಗ. ಅಪೊಸ್ತಲರಾದ ಪೌಲ ಮತ್ತು ಬಾರ್ನಬ ಯೇಸುವಿನ ಸುವಾರ್ತೆ ಸಾರಲು ಮೊದಲ ಪ್ರಯಾಣ ಹೊರಟಾಗ ಸಹಾಯಕ್ಕೆ ಅಂತ ಜೊತೆಯಲ್ಲಿ ಹೋದ. ಕುಪ್ರದ್ವೀಪ (ಈಗಿನ ಸೈಪ್ರಸ್) ದಾಟಿ ಪಂಫುಲ್ಯ ಸೀಮೆಯ ಪೆರ್ಗೆ ಎಂಬ ಊರಿಗೆ ಬಂದರು. ಅಲ್ಲಿ ಅವನು ಅವರನ್ನು ಬಿಟ್ಟು ಮನೆಗೆ ಹೊರಟುಬಿಟ್ಟ. ಯಾಕೆ ಅಂತ ಅಪೊಸ್ತಲರ ಕೃತ್ಯಗಳಲ್ಲಿ ಇಲ್ಲ. ಹೆದರಿದನೋ, ಮನೆ ನೆನಪಾಯಿತೋ, ಕಾಯಿಲೆ ಬಿದ್ದನೋ. ಪೌಲನಿಗೆ ಮಾತ್ರ ಅದು ಚುಚ್ಚಿತು. ಮುಂದಿನ ಸಲ ಹೊರಡುವಾಗ ಬಾರ್ನಬ ಅವನನ್ನು ಕರೆದುಕೊಂಡು ಹೋಗೋಣ ಅಂದ, ಪೌಲ ಖಂಡಿತ ಬೇಡ ಅಂದ. ತೀಕ್ಷ್ಣವಾಗಿ ಜಗಳವಾಗಿ ಆ ಇಬ್ಬರು ದೊಡ್ಡವರು ಬೇರೆ ಬೇರೆಯಾದರು. ಒಬ್ಬ ಹುಡುಗ ನಡುದಾರಿಯಲ್ಲಿ ಕೈಬಿಟ್ಟದ್ದಕ್ಕೆ ಇಷ್ಟಾಯಿತು. ಅವನ ಮನಸ್ಸಿನಲ್ಲಿ ಏನು ನಡೆದಿರಬೇಕು ಹೇಳು!

ಬಾರ್ನಬ ಅವನನ್ನು ಕರೆದುಕೊಂಡು ಮತ್ತೆ ಕುಪ್ರಕ್ಕೆ ಹಡಗು ಹತ್ತಿದ. ಆ ಜಾಗವನ್ನು ಗಮನಿಸು. ಹೋದ ಸಲ ಅವನು ಚೆನ್ನಾಗಿಯೇ ಇದ್ದ ಜಾಗ ಅದು. ಅಲ್ಲಿಂದಲೇ ಮತ್ತೆ ಶುರು. ಆಮೇಲೆ ವರ್ಷಗಟ್ಟಲೆ ಮಾರ್ಕನ ಸುದ್ದಿ ಇಲ್ಲ. ಏನು ಮಾಡಿದ, ಎಷ್ಟು ಸಲ ಎಡವಿದ, ಯಾರೂ ಬರೆದಿಲ್ಲ. ಪೌಲ ಸೆರೆಯಲ್ಲಿದ್ದು ಕೊಲೊಸ್ಸೆಯವರಿಗೆ ಬರೆಯುವಾಗ ಮಾರ್ಕ ಅವನ ಜೊತೆಯಲ್ಲಿದ್ದಾನೆ. ಮಾರ್ಕ ಬಂದರೆ ಸೇರಿಸಿಕೊಳ್ಳಿ ಎಂದು ಪೌಲ ಅವರಿಗೆ ಹೇಳುತ್ತಾನೆ. ಕೊನೆಗೆ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ತನ್ನ ಕಾಲ ಮುಗಿಯಿತು ಅಂತ ಗೊತ್ತಾದ ಮೇಲೆ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯುಕ್ತನು ಎಂದು ಕೇಳುತ್ತಾನೆ. ಬೇಡ ಅಂದ ಅದೇ ಪೌಲ. ನನಗೆ ಈ ಭಾಗ ಓದುವಾಗಲೆಲ್ಲ ಕಣ್ಣು ತುಂಬುತ್ತದೆ.

ಬಿದ್ದವನು ಮತ್ತೆ ಎದ್ದು ನಡೆದರೆ ಅದೂ ಸೈರಣೆಯೇ ಮಗಳೇ. ನೀತಿವಂತ ಏಳು ಸಲ ಬಿದ್ದರೂ ಏಳುತ್ತಾನೆ ಅಂತ ಜ್ಞಾನೋಕ್ತಿ 24ರಲ್ಲಿದೆ. ಬೀಳದೇ ಇದ್ದವನನ್ನು ನೀತಿವಂತ ಅಂತ ಅಲ್ಲಿ ಕರೆದಿಲ್ಲ.

ಇದೆಲ್ಲ ಬೇಗ ಆಗುತ್ತದೆ ಅಂತ ನಾನು ಹೇಳುವುದಿಲ್ಲ. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬವರಿದ್ದರು. ಹಿಂದೆ ಸೈನಿಕರು. ಮಠದಲ್ಲಿ ಅವರಿಗೆ ಸಿಕ್ಕಿದ್ದು ಅಡುಗೆಮನೆ ಕೆಲಸ, ಅದು ಅವರಿಗೆ ಸ್ವಲ್ಪವೂ ಸೇರದ ಕೆಲಸ. ಪಾತ್ರೆಗಳ ಸದ್ದಿನ ಮಧ್ಯೆ ದೇವರು ಇಲ್ಲೇ ಇದ್ದಾರೆ ಅಂತ ನೆನೆಯುತ್ತಾ ಕೆಲಸ ಮಾಡಲು ಕಲಿತರು. ಅದಕ್ಕಾಗಿಯೇ ಅವರ ಹೆಸರು ಉಳಿದಿದೆ. ಆದರೆ ಮೊದಲ 10 ವರ್ಷ ತುಂಬಾ ಒದ್ದಾಡಿದೆ ಎಂದು ಅವರೇ ಒಂದು ಪತ್ರದಲ್ಲಿ ತಿಳಿಸಿದ್ದಾರೆ. ನೀನು ಶುರು ಮಾಡಿ ಇನ್ನೂ ಒಂದು ವರ್ಷ ಆಗಿಲ್ಲ, ಅಲ್ವಾ?

ಒಂದು ಎಚ್ಚರಿಕೆ ಹೇಳಲೇಬೇಕು. ಕ್ರೈಸ್ತಳಾದವಳು ಎಲ್ಲವನ್ನೂ ಬಾಯಿ ಮುಚ್ಚಿಕೊಂಡು ಸಹಿಸಬೇಕು ಎಂದು ನಿನಗೆ ಯಾರಾದರೂ ಹೇಳಿದರೆ ಒಪ್ಪಬೇಡ. ಫಿಲಿಪ್ಪಿ ಎಂಬ ಪಟ್ಟಣದಲ್ಲಿ ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ವಿಚಾರಣೆಯಿಲ್ಲದೆ ಹೊಡೆದು ಸೆರೆಗೆ ಹಾಕಿದರು. ರಾತ್ರಿ ಅವರು ಹಾಡಿದರು, ಪ್ರಾರ್ಥನೆ ಮಾಡಿದರು. ಬೆಳಿಗ್ಗೆ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಕಳಿಸಲು ನೋಡಿದಾಗ ಪೌಲ ಹೋಗಲಿಲ್ಲ. ನಾವು ರೋಮಾಪುರದ ಹಕ್ಕುಳ್ಳವರು, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಅಂದ. ಅವರು ಬಂದು ಬೇಡಿಕೊಂಡರು. ಹಾಡಿದವನೂ ಅವನೇ, ಹಕ್ಕು ಕೇಳಿದವನೂ ಅವನೇ. ಆ ಹುಡುಗಿ ನಿನ್ನ ಕೆಲಸವನ್ನು ತನ್ನದು ಅನ್ನುವುದು ಮುಂದುವರಿದರೆ ಮೇಲಿನವರಿಗೆ ನಿಜ ಹೇಳು. ಸಿಟ್ಟಿಲ್ಲದೆ, ಸುಳ್ಳು ಸೇರಿಸದೆ, ಬೆನ್ನ ಹಿಂದೆ ಚಾಡಿ ಹೇಳದೆ ನೇರವಾಗಿ ಹೇಳು.

ಪ್ರಾರ್ಥನೆಗೆ ಮಾತೇ ಬರುವುದಿಲ್ಲ ಅಂದಿದ್ದೀಯ. ಬಾರದಿದ್ದರೆ ಬೇಡ. "ದೇವರೇ, ಪಾಪಿಯಾದ ನನ್ನನ್ನು ಕರುಣಿಸು" ಎಂದು ಒಂದೇ ಸಾಲಿನಲ್ಲಿ ಬೇಡಿದ ಸುಂಕದವನನ್ನು ಯೇಸು ಮೆಚ್ಚಿಕೊಂಡರು. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಮನಸ್ಸು ಬತ್ತಿದ ದಿನ ಕೀರ್ತನೆಗಾರನ ಮಾತನ್ನೇ ಎರವಲು ತೆಗೆದುಕೋ.

ಈಗ ನಾಳೆಯ ಮಾತು. ಆ ಹಳೇ ಪಟ್ಟಿ ತೆಗೆದುಹಾಕಿ ಮಾರ್ಕನ ಸುವಾರ್ತೆ ಹಿಡಿ. ಇದೇ ಮಾರ್ಕನೇ ಅದನ್ನು ಬರೆದದ್ದು ಎಂದು ಸಭೆ ಮೊದಲಿನಿಂದ ನಂಬಿಕೊಂಡು ಬಂದಿದೆ. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು. ದಿನಕ್ಕೆ ಒಂದು ಘಟನೆ ಓದು, ಜಾಸ್ತಿ ಬೇಡ. ಫೋನಿನಲ್ಲಿ ಓದಬೇಡ, ಪುಸ್ತಕದಲ್ಲಿ ಓದು, ಇಲ್ಲದಿದ್ದರೆ ಓದುವ ಮೊದಲೇ ಮೆಸೇಜುಗಳಿಗೆ ಕಣ್ಣು ಹೋಗುತ್ತದೆ. ಒಂದು ನೋಟ್‌ಬುಕ್ ಇಟ್ಟುಕೋ. ಬೆಳಿಗ್ಗೆ ಒಂದು ಸಾಲು: ಇವತ್ತು ಇದು ಎಲ್ಲಿ ಬೇಕಾಗುತ್ತದೆ. ರಾತ್ರಿ ಒಂದು ಸಾಲು: ಏನಾಯಿತು. ತಪ್ಪಿದ ದಿನದ ಪುಟವನ್ನು ಖಾಲಿಯೇ ಬಿಡು, ಹಿಂದಕ್ಕೆ ಹೋಗಿ ತುಂಬಿಸಬೇಡ.

ಮೊದಲ ಅಧ್ಯಾಯದ 21ರಿಂದ 39ನೇ ವಚನದವರೆಗೆ ಬರುವಾಗ ಸ್ವಲ್ಪ ನಿಧಾನಿಸು. ಯೇಸುವಿನ ಒಂದು ಇಡೀ ದಿನ ಅಲ್ಲಿದೆ. ಸಂಜೆಯಾದ ಮೇಲೂ ಜನ ಮನೆ ಬಾಗಿಲಿಗೆ ಬರುತ್ತಾರೆ. ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ಆತ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥನೆ ಮಾಡುತ್ತಿದ್ದರೆ, ಸೀಮೋನನೂ ಜೊತೆಯವರೂ ಹುಡುಕಿಕೊಂಡು ಬಂದು ಎಲ್ಲರೂ ನಿನ್ನನ್ನು ಹುಡುಕುತ್ತಾರೆ ಅನ್ನುತ್ತಾರೆ. ಆತ ಆಗ ಏನು ಹೇಳಿದರು, ಎದ್ದು ಎಲ್ಲಿಗೆ ಹೋದರು ಅಂತ ಓದಿ, ನಿನಗೆ ಏನು ಅನ್ನಿಸಿತು ಅಂತ ನನಗೆ ಬರೆ. ಅಮ್ಮನಿಗೂ ಅಪ್ಪನಿಗೂ ನನ್ನ ವಂದನೆ ಹೇಳು.

ನಿನಗಾಗಿ ದಿನವೂ ಪ್ರಾರ್ಥಿಸುವ,
ನಿನ್ನ ದೊಡ್ಡಮ್ಮ