ಊ, ಏ, ಓ: ಪುಟ್ಟಿಗೆ ದೊಡ್ಡಪ್ಪನ ಪತ್ರ

ಉಡುಪಿ
ಆಟಿ ತಿಂಗಳು, ಬುಧವಾರ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಅಂಗಳ ಪೂರ್ತಿ ಪಾಚಿ, ಕಾಲಿಟ್ಟರೆ ಜಾರುತ್ತದೆ. ನಿನ್ನೆ ನಿನ್ನ ದೊಡ್ಡಮ್ಮ ಪತ್ರೊಡೆ ಮಾಡಿದ್ದಳು. ಊಟಕ್ಕೆ ಕೂತಾಗ ನಿನ್ನದೇ ಮಾತು.

ಭಾನುವಾರ ಫೋನಿನಲ್ಲಿ ನಿನ್ನ ಸ್ವರ ತುಂಬ ಸಪ್ಪೆಯಾಗಿತ್ತು. ಮ್ಯಾನೇಜರ್ ನಿನ್ನ ಪತ್ರಕ್ಕೆ ಕೆಂಪು ಗೆರೆ ಎಳೆದು ಎಲ್ಲರೆದುರು ವಾಪಸ್ ಕೊಟ್ಟರು ಅಂದೆ. ಅದು ಹೋಗಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಲ್ಲರಿಗೂ ಆಗುವಂಥದ್ದು. ಆದರೆ ಕೊನೆಗೆ, ‘ಕನ್ನಡ ಮೀಡಿಯಂನಲ್ಲಿ ಓದಿದ್ದೇ ತಪ್ಪಾಯ್ತು ದೊಡ್ಡಪ್ಪ’ ಅಂದೆಯಲ್ಲ, ಅದನ್ನು ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಿನ್ನ ಕನ್ನಡ ನಿನಗೆ ಅಡ್ಡ ಬಂದಿಲ್ಲ, ಪುಟ್ಟಿ. ನೀನು ಅದರ ಸಹಾಯವನ್ನು ಅರ್ಧ ಮಾತ್ರ ತೆಗೆದುಕೊಂಡಿದ್ದಿ. ಉಳಿದರ್ಧ ಹೇಳಲು ಈ ಪತ್ರ.

ನೀನು ವಾಟ್ಸಾಪಿನಲ್ಲಿ ಕಳಿಸಿದ ಪುಟವನ್ನು ದೊಡ್ಡದು ಮಾಡಿ ನೋಡಿದೆ. ಕೆಂಪು ಗೆರೆ ಇದ್ದದ್ದು ಎರಡು ವಾಕ್ಯಕ್ಕೆ. ‘ಟುಡೇ ಓನ್ಲಿ ಐ ಸಬ್ಮಿಟೆಡ್ ದ ರಿಪೋರ್ಟ್’ ಅಂತ ಒಂದು. ‘ಈವನ್ ಐ ಆಮ್ ವೇಟಿಂಗ್ ಫಾರ್ ದ ರಿಪ್ಲೈ’ ಅಂತ ಇನ್ನೊಂದು. ಎರಡನ್ನೂ ನೀನು ಮನಸ್ಸಿನಲ್ಲಿ ಕನ್ನಡದಲ್ಲೇ ಹೇಳಿಕೊಂಡಿದ್ದಿ. ‘ಇವತ್ತೇ ರಿಪೋರ್ಟ್ ಕೊಟ್ಟೆ’, ‘ನಾನೂ ಉತ್ತರಕ್ಕೆ ಕಾಯುತ್ತಿದ್ದೇನೆ’. ಕನ್ನಡದಲ್ಲಿ ಎರಡೂ ಚೆನ್ನಾಗಿವೆ.

ನಮ್ಮಲ್ಲಿ ಊ, ಏ, ಓ ಅಂತ ಮೂರು ಸಣ್ಣ ಬಾಲಗಳಿವೆ. ಶಾಲೆಯಲ್ಲಿ ಅವ್ಯಯ ಅಂತ ಹೇಳಿಕೊಟ್ಟಿರಬೇಕು. ಇವು ಒಂಟಿಯಾಗಿ ನಿಲ್ಲುವುದಿಲ್ಲ, ಯಾವುದಾದರೂ ಪದದ ಹಿಂದೆ ಅಂಟಿಕೊಂಡೇ ಇರಬೇಕು. ತುಳುವಿನಲ್ಲೂ ಹಾಗೇ ಅಲ್ವಾ? ‘ಯಾನ್‌ಲಾ ಬರ್ಪೆ’ ಅನ್ನುವಾಗ ಆ ‘ಲಾ’ ಯಾನ್ ಅನ್ನುವುದಕ್ಕೆ ಅಂಟಿಕೊಂಡಿದೆ. ಹಾಗಾಗಿ ಯಾರಿಗೆ ಸೇರಿದ್ದು ಅಂತ ಗೊಂದಲವೇ ಇಲ್ಲ. ಇಂಗ್ಲಿಷಿನಲ್ಲಿ ಇದೇ ಕೆಲಸ ಮಾಡುವ ಪದಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಓನ್ಲಿ, ಈವನ್, ಆಲ್ಸೋ, ಅಂಡ್, ಆರ್. ಅವನ್ನು ಎಲ್ಲಿ ನಿಲ್ಲಿಸುತ್ತೇವೆ ಅನ್ನುವುದರ ಮೇಲೆ ಅರ್ಥ ನಿಂತಿದೆ.

ಇನ್ನೊಂದು ವಿಷಯ. ನಮ್ಮ ಬಾಲ ಒಂದೇ, ಅದು ಮಾಡುವ ಕೆಲಸ ಎರಡು. ‘ನಾನೂ ಬಂದೆ’ ಅನ್ನುವಾಗ ಊ ಅಂದರೆ ‘ಜೊತೆಗೆ’. ‘ಸಣ್ಣ ಮಕ್ಕಳೂ ಇದನ್ನು ಮಾಡ್ತಾರೆ’ ಅನ್ನುವಾಗ ಅದೇ ಊ ಅಂದರೆ ‘ಅವರು ಸಹ ಮಾಡ್ತಾರಲ್ಲಾ’ ಅನ್ನುವ ಆಶ್ಚರ್ಯ. ಇಂಗ್ಲಿಷಿನವರು ಮೊದಲನೆಯದಕ್ಕೆ ಆಲ್ಸೋ ಅಥವಾ ಟೂ ಇಟ್ಟುಕೊಂಡರು, ಎರಡನೆಯದಕ್ಕೆ ಈವನ್. ನೀನು ‘ಈವನ್ ಐ’ ಅಂತ ಬರೆದಾಗ, ‘ನನ್ನಂಥವಳು ಸಹ ಕಾಯಬೇಕಾಯಿತು’ ಅಂತ ಸಿಟ್ಟು ಮಾಡಿದ ಹಾಗೆ ಅವರಿಗೆ ಕೇಳಿಸಿತು. ‘ಐ ಟೂ ಆಮ್ ವೇಟಿಂಗ್’ ಅಂದಿದ್ದರೆ ಸರಿಯಾಗುತ್ತಿತ್ತು.

ಏ ಕೂಡ ಹಾಗೇ. ‘ಇವತ್ತೇ ಕೊಟ್ಟೆ’ ಅಂದರೆ ತಡ ಮಾಡದೆ ಕೊಟ್ಟೆ ಅನ್ನುವ ಒತ್ತು. ‘ಒಂದೇ ಮಾವಿನಹಣ್ಣು ಉಳಿದಿದೆ’ ಅಂದರೆ ಬೇರೆ ಇಲ್ಲ ಅನ್ನುವ ಮಿತಿ. ಓನ್ಲಿ ಮಾಡುವುದು ಈ ಎರಡನೆಯ ಕೆಲಸ. ಆ ಪದದ ಹೊಟ್ಟೆಯಲ್ಲೇ ‘ಒನ್’ ಇದೆ ನೋಡು, ನಮ್ಮ ‘ಒಂದೇ’ಯಲ್ಲಿ ಒಂದು ಇರುವ ಹಾಗೆ. ಬಟ್ಟೆ ಅಂಗಡಿಯವರು ‘ಟುಡೇ ಓನ್ಲಿ’ ಅಂತ ಬೋರ್ಡು ಹಾಕಿದರೆ ನಾಳೆ ರಿಯಾಯಿತಿ ಇಲ್ಲ ಅಂತ ಅರ್ಥ. ನಿನಗೆ ಬೇಕಾಗಿದ್ದದ್ದು ಒತ್ತು, ನೀನು ಬರೆದದ್ದು ಮಿತಿ. ‘ಐ ಸಬ್ಮಿಟೆಡ್ ದ ರಿಪೋರ್ಟ್ ಟುಡೇ’ ಅಂದರೆ ಸಾಕಿತ್ತು.

ಈಗ ಒಂದು ಸಣ್ಣ ವಾಕ್ಯ ತೆಗೆದುಕೋ. ‘ಅಣ್ಣ ಬಾಡಿಗೆಯವರಿಗೆ ಬೀಗದ ಕೈ ಕೊಟ್ಟ.’ ಇದರಲ್ಲಿ ‘ಮಾತ್ರ’ವನ್ನು ಒಂದೊಂದು ಪದದ ಹಿಂದೆ ಇಟ್ಟು ನೋಡು. ಅಣ್ಣ ಮಾತ್ರ ಕೊಟ್ಟ, ಉಳಿದವರು ಕೊಡಲಿಲ್ಲ. ಬೀಗದ ಕೈ ಮಾತ್ರ ಕೊಟ್ಟ, ಕಾಗದಪತ್ರ ಕೊಡಲಿಲ್ಲ. ಬಾಡಿಗೆಯವರಿಗೆ ಮಾತ್ರ ಕೊಟ್ಟ, ಬೇರೆಯವರಿಗೆ ಕೊಡಲಿಲ್ಲ. ಇಂಗ್ಲಿಷಿಗೆ ಬಂದಾಗ ಅದೇ ಪದದ ಮುಂದೆ ಓನ್ಲಿ ಇಡು. ‘ಓನ್ಲಿ ಮೈ ಬ್ರದರ್ ಗೇವ್ ದ ಕೀ ಟು ದ ಟೆನೆಂಟ್’, ‘ಮೈ ಬ್ರದರ್ ಗೇವ್ ಓನ್ಲಿ ದ ಕೀ ಟು ದ ಟೆನೆಂಟ್’, ‘ಮೈ ಬ್ರದರ್ ಗೇವ್ ದ ಕೀ ಓನ್ಲಿ ಟು ದ ಟೆನೆಂಟ್’. ನಮ್ಮಲ್ಲಿ ಹಿಂದೆ, ಅವರಲ್ಲಿ ಮುಂದೆ, ವ್ಯತ್ಯಾಸ ಇಷ್ಟೇ. ಇಂಗ್ಲಿಷಿನವರೇ ಮಾತಾಡುವಾಗ ಓನ್ಲಿಯನ್ನು ಕ್ರಿಯಾಪದದ ಹತ್ತಿರ ಇಟ್ಟು, ಬೇಕಾದ ಪದವನ್ನು ಒತ್ತಿ ಹೇಳುತ್ತಾರೆ. ಅದು ತಪ್ಪಲ್ಲ. ಆದರೆ ಕಾಗದದಲ್ಲಿ ಸ್ವರ ಕೇಳಿಸುವುದಿಲ್ಲ.

ಕಾಗದದ ಮಾತು ಬಂತಲ್ಲ, ನಿನಗೆ ಇದುವರೆಗೆ ಹೇಳದ ಒಂದು ಕಥೆ ಹೇಳುತ್ತೇನೆ. ನಾನು ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿದ ಎರಡನೇ ವರ್ಷ. ಅಣ್ಣ ತಮ್ಮ ಇಬ್ಬರ ಪಾಲುಪಟ್ಟಿ. ತಮ್ಮನಿಗೆ ಏನೇನು ಅಂತ ಕನ್ನಡದಲ್ಲಿ ಬರೆದ ಚೀಟಿ ನನ್ನ ಕೈಗೆ ಬಂತು. ‘ತೆಂಗಿನ ಮರಗಳೂ, ದಕ್ಷಿಣ ಗಡಿಯ ಹಲಸಿನ ಮರಗಳೂ’ ಅಂತ ಅದರಲ್ಲಿತ್ತು. ನಾನು ಅದೇ ಸಾಲಿನಲ್ಲಿ ಇಂಗ್ಲಿಷಿಗೆ ಇಳಿಸಿದೆ. ‘ದ ಕೋಕನಟ್ ಟ್ರೀಸ್ ಅಂಡ್ ದ ಜ್ಯಾಕ್ ಟ್ರೀಸ್ ಆನ್ ದ ಸದರ್ನ್ ಬೌಂಡರಿ.’ ಗಡಿಬಿಡಿಯಲ್ಲಿ ಯಾರೂ ಎರಡನೇ ಸಲ ಓದಲಿಲ್ಲ. ರಿಜಿಸ್ಟರ್ ಆಯಿತು.

ಆರು ತಿಂಗಳ ಮೇಲೆ ಕಾಯಿ ತೆಗೆಯಲು ಜನ ಬಂದ ದಿನ ಜಗಳ ಎದ್ದಿತು. ಅಣ್ಣ ಹೇಳಿದ, ತಮ್ಮನಿಗೆ ಸೇರಿದ್ದು ದಕ್ಷಿಣ ಗಡಿಯಲ್ಲಿರುವ ಆರು ತೆಂಗಿನ ಮರ ಮಾತ್ರ. ತಮ್ಮ ಹೇಳಿದ, ಇಡೀ ಜಾಗದ ಮೂವತ್ತೊಂದು ಮರ. ಇಬ್ಬರೂ ನನ್ನ ಸಾಲನ್ನೇ ಬೆರಳಿಟ್ಟು ತೋರಿಸಿದರು. ನಾನು ಹತ್ತು ಸಲ ಓದಿದೆ. ಇಬ್ಬರು ಹೇಳುವುದೂ ಅಲ್ಲಿ ಇತ್ತು. ಕೊನೆಗೆ ಹಳೆಯ ಚೀಟಿ ಸಿಕ್ಕಿತು, ತಿದ್ದುಪಡಿ ಪತ್ರ ಬರೆದು ಮತ್ತೆ ರಿಜಿಸ್ಟರ್ ಮಾಡಿಸಿದರು. ಆದರೆ ಅಷ್ಟರಲ್ಲಿ ಒಂದು ಮಳೆಗಾಲ ಪೂರ್ತಿ ಆ ಮನೆಯಲ್ಲಿ ಎರಡು ಒಲೆ ಉರಿದಿತ್ತು. ಆ ತಾಯಿಯ ಮುಖ ನನಗೆ ಇವತ್ತಿಗೂ ಕಣ್ಣೆದುರು ಇದೆ.

ಎಲ್ಲಿ ತಪ್ಪಿತು ಗೊತ್ತಾಯಿತಲ್ಲ? ಕನ್ನಡದಲ್ಲಿ ‘ದಕ್ಷಿಣ ಗಡಿಯ’ ಅನ್ನುವುದು ಹಲಸಿನ ಮುಂದೆ ಬಂತು. ತೆಂಗು ಅದಕ್ಕೂ ಮೊದಲೇ ಊ ಅಂಟಿಸಿಕೊಂಡು ಮುಗಿದಿತ್ತು, ಆದ್ದರಿಂದ ಅದಕ್ಕೆ ತಾಗಲಿಲ್ಲ. ಇಂಗ್ಲಿಷಿನಲ್ಲಿ ಅದು ಕೊನೆಗೆ ಹೋಗಿ ನಿಂತಿತು. ಅಂಡ್‌ನಿಂದ ಕೂಡಿದ ಎರಡು ಹೆಸರುಗಳ ಕೊನೆಯಲ್ಲಿ ಏನೇ ಇಟ್ಟರೂ ಅದು ಹತ್ತಿರದ್ದಕ್ಕೂ ಸೇರಬಹುದು, ಎರಡಕ್ಕೂ ಸೇರಬಹುದು. ಸುಮ್ನೆ ಜಾಗ ಬದಲಿಸಿದ್ದರೆ ಸಾಕಿತ್ತು. ‘ದ ಜ್ಯಾಕ್ ಟ್ರೀಸ್ ಆನ್ ದ ಸದರ್ನ್ ಬೌಂಡರಿ ಅಂಡ್ ಆಲ್ ದ ಕೋಕನಟ್ ಟ್ರೀಸ್.’ ಮುಂದೆ ಇಡುವ ಪದಕ್ಕೂ ಇದೇ ಕಷ್ಟ. ‘ಓಲ್ಡ್ ಮೆನ್ ಅಂಡ್ ವಿಮೆನ್’ ಅಂದರೆ ಹೆಂಗಸರೂ ಮುದುಕಿಯರೋ ಅಲ್ಲವೋ ಗೊತ್ತಾಗುವುದಿಲ್ಲ. ‘ವಿಮೆನ್ ಅಂಡ್ ಓಲ್ಡ್ ಮೆನ್’ ಅಂತ ತಿರುಗಿಸಿದರೆ ಸಂಶಯ ಇಲ್ಲ. ಆ ಘಟನೆಯ ನಂತರ ಅಂಡ್ ಕಂಡಲ್ಲೆಲ್ಲ ನಾನು ಪೆನ್ಸಿಲಿನಿಂದ ಸಣ್ಣ ಬಳೆ ಹಾಕುತ್ತಿದ್ದೆ. ಇದು ಯಾವುದನ್ನು ಯಾವುದಕ್ಕೆ ಕಟ್ಟುತ್ತಿದೆ ಅಂತ ನೋಡದೆ ಮುಂದೆ ಹೋಗುತ್ತಿರಲಿಲ್ಲ. ನೀನೂ ಹಾಗೆ ಮಾಡು.

ಅಂಡ್ ಜೊತೆಗೆ ಆ ಸಣ್ಣ ‘ದ’, ‘ಎ’ಗಳ ಮೇಲೂ ಕಣ್ಣಿಡು. ‘ದ ಸೆಕ್ರೆಟರಿ ಅಂಡ್ ಟ್ರೆಷರರ್ ಹ್ಯಾಸ್ ಸೈನ್ಡ್’ ಅಂದರೆ ಕಾರ್ಯದರ್ಶಿಯೂ ಖಜಾಂಚಿಯೂ ಆಗಿರುವ ಒಬ್ಬರೇ ಸಹಿ ಹಾಕಿದ್ದಾರೆ. ‘ದ ಸೆಕ್ರೆಟರಿ ಅಂಡ್ ದ ಟ್ರೆಷರರ್ ಹ್ಯಾವ್ ಸೈನ್ಡ್’ ಅಂದರೆ ಇಬ್ಬರು. ಒಂದು ‘ದ’ಗೆ ಒಬ್ಬ ಮನುಷ್ಯ ಜಾಸ್ತಿ. ನಿಮ್ಮಂಥ ಕಚೇರಿಯಲ್ಲಿ ಸಹಿ ಎಷ್ಟು ಜನರದ್ದು ಅನ್ನುವುದು ಸಣ್ಣ ವಿಷಯ ಅಲ್ಲ.

ಬಟ್ ಅಂದ ಕೂಡಲೇ ನಾವು ‘ಆದರೆ’ ಅಂತ ಓದಿಬಿಡುತ್ತೇವೆ. ಅದರ ಹಳೆಯ ಅರ್ಥ ‘ಹೊರಗೆ’. ಅದಕ್ಕೇ ಹೆಸರಿನ ಮುಂದೆ ಬಂದಾಗ ಅದು ‘ಬಿಟ್ಟು’ ಆಗುತ್ತದೆ. ‘ಎವ್ರಿವನ್ ಬಟ್ ದ ಡ್ರೈವರ್’ ಅಂದರೆ ಡ್ರೈವರನ್ನು ಬಿಟ್ಟು ಎಲ್ಲರೂ. ‘ನಥಿಂಗ್ ಬಟ್ ವಾಟರ್’ ಅಂದರೆ ನೀರು ಬಿಟ್ಟು ಬೇರೇನೂ ಇಲ್ಲ, ಬರೀ ನೀರು. ‘ಎನಿಥಿಂಗ್ ಬಟ್ ಈಸಿ’ ಅಂದರೆ ಸುಲಭವಂತೂ ಅಲ್ಲವೇ ಅಲ್ಲ. ‘ದ ವರ್ಕ್ ಈಸ್ ಆಲ್ ಬಟ್ ಫಿನಿಶ್ಡ್’ ಅಂದರೆ ಮುಗಿದಿದೆ ಅಂತ ಅಲ್ಲ, ಹೆಚ್ಚುಕಮ್ಮಿ ಮುಗಿದ ಹಾಗೆ. ಇದನ್ನು ತಪ್ಪಾಗಿ ಓದಿ ಬಿಲ್ ಪಾಸ್ ಮಾಡಬೇಡ. ‘ಕ್ವೈಟ್ ಎ ಫ್ಯೂ’ ಕೂಡ ಹೀಗೇ. ಫ್ಯೂ ಇದ್ದರೂ ಅರ್ಥ ‘ಸಾಕಷ್ಟು’. ಇವನ್ನು ಕಟ್ಟಾಗಿಯೇ ಕಲಿಯಬೇಕು, ಬಿಡಿಸಿ ಓದಿದರೆ ಸಿಗುವುದಿಲ್ಲ.

ಬಿಕಾಸ್ ಮತ್ತು ಬಿಕಾಸ್ ಆಫ್ ಬಗ್ಗೆ ಸ್ವಲ್ಪ. ನಮಗೆ ‘ಮಳೆಯಿಂದ’, ‘ಮಳೆ ಬಂದದ್ದರಿಂದ’ ಎರಡರ ಕೊನೆಯಲ್ಲೂ ‘ಇಂದ’ ಇದೆ, ಆದ್ದರಿಂದ ಭೇದ ಕಾಣುವುದಿಲ್ಲ. ಅವರಿಗೆ ಬರೀ ಹೆಸರು ಬಂದರೆ ‘ಬಿಕಾಸ್ ಆಫ್ ದ ರೇನ್’, ಪೂರ್ತಿ ವಾಕ್ಯ ಬಂದರೆ ‘ಬಿಕಾಸ್ ಇಟ್ ರೇನ್ಡ್’. ಡಿಸ್ಪೈಟ್ ಹೆಸರಿಗೆ, ಆಲ್ದೋ ವಾಕ್ಯಕ್ಕೆ. ಡಿಸ್ಪೈಟ್ ಪಕ್ಕ ಆಫ್ ಬೇಡ. ಆಲ್ದೋ ಹಾಕಿದ ಮೇಲೆ ಬಟ್ ಬೇಡ. ‘ಮಳೆ ಬಂದರೂ ಹೋದೆವು’ ಅಂದ ಮೇಲೆ ನಾವು ‘ಆದರೆ’ ಸೇರಿಸುತ್ತೇವಾ? ಇಲ್ಲವಲ್ಲ. ಅಂದ ಹಾಗೆ ‘ಬಂದರೂ’ ಅನ್ನುವುದನ್ನು ಬಿಡಿಸಿ ನೋಡು. ಬಂದರೆ, ಅದರ ಹಿಂದೆ ನಮ್ಮ ಊ. ಅವರ ‘ಈವನ್ ಇಫ್’ ಕೂಡ ಅದೇ, ಈವನ್ ಅಂದರೆ ಊ, ಇಫ್ ಅಂದರೆ ರೆ. ಇದು ಹೊಳೆದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ನೀನು ದಿನಾ ಮಂಗಳೂರಿನ ಬಲ್ಮಠದ ಮೇಲೆ ಹೋಗುತ್ತಿ. ಅಲ್ಲಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲೇ 1894ರಲ್ಲಿ ಕಿಟೆಲರ ದೊಡ್ಡ ಕನ್ನಡ ಇಂಗ್ಲಿಷ್ ನಿಘಂಟು ಅಚ್ಚಾಯಿತು. 1903ರಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವೂ ಮಂಗಳೂರಿನಿಂದಲೇ ಬಂತು. ಜರ್ಮನ್ ಮಾತಾಡುತ್ತಾ ಬೆಳೆದ ಮನುಷ್ಯ. ಅವರ ಮಾತಿನಲ್ಲೂ ಇವು ಬಿಡಿಬಿಡಿ ಪದಗಳೇ. ನಮ್ಮ ಊ, ಏ, ಓಗಳನ್ನು ಅವರು ಆ ಕಡೆಯಿಂದ ದಾಟಿ ಬಂದು ಕಲಿತರು. ನೀನು ಈ ಕಡೆಯಿಂದ ದಾಟುತ್ತಿದ್ದಿ. ಕನ್ನಡ ಮೀಡಿಯಂ ನಿನಗೆ ಕೊಟ್ಟದ್ದು ಈ ದಡ, ಅದು ಗಟ್ಟಿ ಇದೆ. ಇನ್ನು ಮೇಲೆ ಯಾರ ಎದುರೂ ಹಾಗೆ ಹೇಳಬೇಡ, ನನ್ನ ಎದುರಂತೂ ಬೇಡ.

ಕೆಂಪು ಗೆರೆ ಬಿದ್ದ ಪತ್ರವನ್ನು ಎಸೆಯಬೇಡ. ರಾತ್ರಿ ಊಟ ಆದ ಮೇಲೆ ಕೂತು, ಒಂದೊಂದು ವಾಕ್ಯವನ್ನೂ ಬಾಯಿಬಿಟ್ಟು ಕನ್ನಡದಲ್ಲಿ ಹೇಳು. ಬಾಲ ಯಾವ ಪದಕ್ಕೆ ಅಂಟುತ್ತದೆ ನೋಡು. ಊ ಬಂದರೆ ‘ಜೊತೆಗೆ’ಯೋ ‘ಆಶ್ಚರ್ಯ’ವೋ, ಏ ಬಂದರೆ ‘ಒತ್ತು’ವೋ ‘ಮಿತಿ’ಯೋ ಕೇಳಿಕೋ. ಆಮೇಲೆ ಇಂಗ್ಲಿಷಿನಲ್ಲಿ ಬರೆದು ನನಗೆ ಕಳಿಸು.

ಶನಿವಾರ ನಿನ್ನ ಅಪ್ಪ ಮಂಗಳೂರಿಗೆ ಬರುತ್ತಾನೆ. ಹಲಸಿನ ಹಪ್ಪಳದ ಕಟ್ಟು, ಉಪ್ಪಿನಕಾಯಿ ಕೊಟ್ಟು ಕಳಿಸುತ್ತೇನೆ. ಹಪ್ಪಳವನ್ನು ಡಬ್ಬಿಗೆ ಹಾಕಿಡು, ಈ ಹವೆಗೆ ಬೇಗ ಮೆತ್ತಗಾಗುತ್ತದೆ.

ಆ ಪತ್ರದ ಕೊನೆಯಲ್ಲಿ ‘ದ ಅಕೌಂಟೆಂಟ್ ಅಂಡ್ ಕ್ಯಾಶಿಯರ್ ಹ್ಯಾವ್ ಚೆಕ್ಡ್ ದ ಬಿಲ್ಸ್’ ಅಂತ ಬರೆದಿದ್ದಿ. ಅಲ್ಲಿ ಕೆಂಪು ಗೆರೆ ಇಲ್ಲ, ಆದರೆ ನನಗೆ ಗೊತ್ತಾಗಲಿಲ್ಲ. ನಿಮ್ಮಲ್ಲಿ ಒಬ್ಬರೇ ಎರಡೂ ಕೆಲಸ ನೋಡುತ್ತಾರೋ, ಇಬ್ಬರಿದ್ದಾರೋ?

ನಿನ್ನ ದೊಡ್ಡಪ್ಪ